ಹೊಗೆ ಏಳದ ಮಾಳಿಗೆ

ಹೋದ ತಿಂಗಳು ಪರೀಕ್ಷೆಯ ಕೆಲಸಕ್ಕೆಂದು ಕೂಡ್ಲಿಗಿಯ ಆಚೆಗೆ ಹೋಗಿದ್ದೆ. ಮುಗಿಸಿಕೊಂಡು ಹಡಗಲಿಗೆ ಹಿಂದಿರುಗುವ ಬಸ್ಸು ಹತ್ತಿದಾಗ ಮೋಡ ಮುಚ್ಚಿತ್ತು. ದಾರಿಯಲ್ಲಿ ಒಂದು ಗುಡ್ಡದ ಮಗ್ಗುಲು ಕಪ್ಪಗೆ ಸುಟ್ಟುಹೋಗಿತ್ತು. ನೋಡುತ್ತಿದ್ದಂತೆ ಅದರ ಮೇಲೆ ದಪ್ಪ ಹನಿಗಳು ಬಿದ್ದವು. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ. ಮೊದಲ ಮಳೆ ಬಿದ್ದ ಬೂದಿಯ ವಾಸನೆ ಬೇರೆ. ನೀರು ಚೆಲ್ಲಿ ಆರಿಸಿದ ಒಲೆಯ ಹತ್ತಿರ ನಿಂತ ಹಾಗಿರುತ್ತದೆ.

ಸ್ವಲ್ಪ ದೂರದಲ್ಲಿ ಒಂದು ಕೈಮರದ ಹತ್ತಿರ ಬಸ್ಸು ನಿಂತಿತು. "ಕರಿಗುಂಡನಹಳ್ಳಿ. ಇಳಿಯೋರು ಅದಾರೇನ್ರಿ?" ಎಂದು ಕಂಡಕ್ಟರ್ ಕೇಳಿದ. ಯಾರೂ ಇಳಿಯಲಿಲ್ಲ. ನಾನು ತೊಡೆಯ ಮೇಲಿನ ಚೀಲದ ಹಿಡಿಕೆಯನ್ನು ನೋಡುತ್ತಾ ಕೂತಿದ್ದೆ. ಬಸ್ಸು ಹೊರಟಿತು.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ನಾನು ಆ ಊರಿನ ಹೈಸ್ಕೂಲಿಗೆ ಸಮಾಜ ಪಾಠ ಹೇಳಲು ಹೋದೆ. ಧಾರವಾಡದಲ್ಲಿ ಓದು ಮುಗಿದಿತ್ತು. ಹರಪನಹಳ್ಳಿಯ ನಮ್ಮ ಮನೆಯಲ್ಲಿ ನನ್ನ ಮದುವೆಯ ಮಾತು ಶುರುವಾಗಿತ್ತು. ದೂರದ ಊರಿಗೆ ಆದೇಶ ಬಂದಾಗ ಅವ್ವ ಅತ್ತಳು, ನನಗೆ ಹಗುರವಾಯಿತು. ಅದನ್ನು ನಾನು ಯಾರಿಗೂ ತೋರಿಸಲಿಲ್ಲ.

ಊರು ಗುಡ್ಡದ ಬುಡಕ್ಕೇ ಅಂಟಿಕೊಂಡಿತ್ತು. ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳು, ಅವುಗಳ ಸಂದಿಯಲ್ಲಿ ತುಗ್ಗಲಿ, ಕಾರೆ, ಬಂದರೆ ಗಿಡ. ಬಂಡೆ ಇಲ್ಲದ ಕಡೆಯೆಲ್ಲ ಎದೆಮಟ್ಟದ ಹುಲ್ಲು. ಶಿವರಾತ್ರಿ ಕಳೆಯುವಷ್ಟರಲ್ಲಿ ಆ ಹುಲ್ಲು ಒಣಗಿ ಹುಲ್ಲಿನ ಬಣ್ಣವೇ ಹೋಗಿ ಬಿಳುಪಾಗುತ್ತಿತ್ತು. ಅಲ್ಲಿಂದ ಮಳೆ ಬೀಳುವವರೆಗೆ ಊರಿಗೆ ಒಂದೇ ಭಯ, ಬೆಂಕಿ. ಗುಡ್ಡಕ್ಕೆ ಬೆಂಕಿ ಬಿದ್ದರೆ ಹುಲ್ಲು, ಸೌದೆ, ದನದ ಮೇವು ಎಲ್ಲ ಹೋಗುತ್ತಿತ್ತು. ಗಾಳಿ ಊರ ಕಡೆ ತಿರುಗಿದರೆ ಬಣವೆಗಳೂ ಹೋಗುತ್ತಿದ್ದವು. ಅದಕ್ಕೆ ಅರಣ್ಯ ಇಲಾಖೆಯವರು ಊರಿನ ನಾಲ್ವರನ್ನು ಬೇಸಿಗೆಯ ಬೆಂಕಿ ಕಾವಲಿಗೆ ಇಟ್ಟುಕೊಂಡಿದ್ದರು. ನನಗೆ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದ ಪಾಲಯ್ಯ ಅವರಲ್ಲೊಬ್ಬ. ಅವನ ಜೊತೆ ಓಬಣ್ಣ, ದುರುಗಪ್ಪ, ಬೊಮ್ಮಯ್ಯ. ಬೆಳಗಾಗುವ ಮೊದಲೇ ರೊಟ್ಟಿ ಗಂಟು, ನೀರಿನ ಬಿಂದಿಗೆ, ಕುಡುಗೋಲು ಹಿಡಿದು ಹತ್ತುವರು. ನೆತ್ತಿಯ ಬಂಡೆಯ ಮೇಲೆ ನಾಲ್ಕು ದಿಕ್ಕಿಗೆ ನಾಲ್ವರು ಕೂರುವರು. ಹೊಗೆ ಕಂಡಲ್ಲಿಗೆ ಓಡಿ, ಬಂದರೆಯ ಹಸಿ ಟೊಂಗೆ ಕಡಿದು ಬಡಿದು ಆರಿಸುವುದು ಅವರ ಕೆಲಸ.

ಹೊಸದಾಗಿ ಹೋದವರು ಆ ಊರಿನಲ್ಲಿ ಮೊದಲು ಕಲಿಯಬೇಕಾದದ್ದು ಒಲೆಯ ಕಟ್ಟಳೆ. ಮಣ್ಣಿನ ಚಪ್ಪಟೆ ಮಾಳಿಗೆಗಳ ಬೆಳಕಿಂಡಿಗಳಿಂದ ಹೊರಬಿದ್ದ ಅಡಿಗೆಮನೆಗಳ ಹೊಗೆ ಗುಡ್ಡದ ಬುಡದಲ್ಲೇ ತೂಗಾಡುತ್ತಿತ್ತು. ಮೇಲೆ ಕೂತವರಿಗೆ ಅದು ಒಲೆಯದೋ ಹುಲ್ಲಿನದೋ ತಿಳಿಯುತ್ತಿರಲಿಲ್ಲ. ಆದ್ದರಿಂದ ಕಾವಲಿನವರು ಗುಡ್ಡದ ಮೇಲಿರುವಷ್ಟು ಹೊತ್ತು ಊರಿನಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ. ಹೆಂಗಸರು ಕತ್ತಲಿದ್ದಾಗಲೇ ಎದ್ದು ಮುದ್ದೆ, ರೊಟ್ಟಿ ಮುಗಿಸಿ, ಹೊತ್ತು ಮೂಡುವಷ್ಟರಲ್ಲಿ ಕೆಂಡಕ್ಕೆ ಬೂದಿ ಮುಚ್ಚುವರು. ಸಂಜೆ ಕಾವಲಿನವರು ಇಳಿದು ಬಂದು ಗುಡ್ಡದ ಬುಡದ ಒಂದು ಚಪ್ಪಟೆ ಬಂಡೆಗುಂಡಿನ ಮೇಲೆ ನಿಂತು ಒಬ್ಬೊಬ್ಬರಾಗಿ ಕೂಗು ಹಾಕುವರು. ಅದರಲ್ಲಿ ಮಾತಿಲ್ಲ, ಬರೀ ಉದ್ದನೆಯ ಕೂಗು. ಕೂಗಿದವನ ಮನೆಯ ಹೊಗೆ ಮೊದಲು ಏಳಬೇಕು. ಅದು ಅವನಿಗೆ ಉತ್ತರ. ನಾಲ್ಕು ಮನೆಗಳ ಹೊಗೆ ಎದ್ದ ಮೇಲೆ ಉಳಿದ ಊರು ಒಲೆ ಹಚ್ಚುತ್ತಿತ್ತು. ಆ ಬಂಡೆಗೆ ಕೂಗುಗುಂಡು ಎಂದೇ ಹೆಸರು.

ದುರುಗಪ್ಪನ ಕೂಗು ಕೇಳಿದಾಗಲೆಲ್ಲ ಪಾಲಯ್ಯನ ಹೆಂಡತಿ ಗಂಗಮ್ಮ ನನ್ನ ಕಡೆ ತಿರುಗಿ ನಗುತ್ತಿದ್ದಳು. "ಎಮ್ಮಿ ಕಳಕೊಂಡೋರು ಯಾರರ ಅದಾರೇನು ನೋಡ್ರಿ ಅಕ್ಕೋರ, ಸಿಕ್ತು ಅಂತ ಓಡಿ ಹೋಗ್ಯಾರು." ತನ್ನ ಗಂಡನ ಕೂಗಿಗೆ ಮಾತ್ರ ಏನೂ ಅನ್ನುತ್ತಿರಲಿಲ್ಲ. ಅದು ಕೇಳುವ ಮೊದಲೇ ಪುಳ್ಳೆ ಜೋಡಿಸಿ, ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದಳು. ಪಾಲಯ್ಯನ ತಾಯಿ ಈರಜ್ಜಿಗೆ ಎರಡೂ ಕಣ್ಣು ಹೋಗಿದ್ದವು. ಅವಳು ಮೂಲೆಯಲ್ಲಿ ಕೂತು ಮೂಗಿನಿಂದಲೇ ಹೊತ್ತು ತಿಳಿಯುತ್ತಿದ್ದಳು. ಹೊಗೆ ಮೂಗಿಗೆ ಬಡಿದರೆ "ಯಾರ ಮನಿ ಹೊಗಿನೇ ಅದು?" ಎಂದು ಕೇಳುವಳು. "ನಮ್ಮದೇ ಅತ್ತಿ" ಎಂದು ಗಂಗಮ್ಮ ಹೇಳುವಳು. ಆಗ ಮುದುಕಿ ಕಾಲು ಚಾಚುವಳು. ಗುಡ್ಡದ ಮೇಲೂ ಕಾವಲಿನವರು ಒಬ್ಬರನ್ನೊಬ್ಬರು ಕೇಳುವುದು ಅದನ್ನೇ ಎಂದು ಪಾಲಯ್ಯ ಒಮ್ಮೆ ಹೇಳಿದ್ದ. ಹೊಗಿ ಯಾರದು? ಊರಿನದಾದರೆ ನಮ್ಮದೇ. ಅಲ್ಲದಿದ್ದರೆ ಓಡಬೇಕು.

ನನ್ನ ಹತ್ತಿರ ಒಂದು ಬತ್ತಿ ಸ್ಟೋವ್ ಇತ್ತು. ಮೊದಲ ವಾರ ಮಧ್ಯಾಹ್ನ ಅದನ್ನು ಹಚ್ಚಿದಾಗ ಗಂಗಮ್ಮ ಬಾಗಿಲಲ್ಲಿ ನಿಂತು ತುಸು ಹೊತ್ತು ಅದನ್ನೇ ನೋಡಿದಳು.

"ಇದಕ ಹೊಗಿ ಬರಂಗಿಲ್ಲೇನ್ರಿ?"

"ಅಷ್ಟೇನೂ ಬರೋದಿಲ್ಲ."

"ಹಂಗಾರ ಇದಕ ಕಟ್ಟಳೆ ಇಲ್ಲ ಬಿಡ್ರಿ" ಎಂದು ಒಳಗೆ ಬಂದು ಕೂತಳು. "ಒಂದೀಟು ಚಾ ಇಡ್ರಿ."

ಅಂದಿನಿಂದ ಬೇಸಿಗೆಯ ಮಧ್ಯಾಹ್ನಗಳಲ್ಲಿ ಇಡೀ ಓಣಿಗೆ ಬಿಸಿಯಾದದ್ದು ಎಂದರೆ ನನ್ನ ಕೋಣೆಯ ಚಹಾ ಒಂದೇ. ಹೆಂಗಸರು ತಮ್ಮ ತಮ್ಮ ಲೋಟ ಹಿಡಿದು ಬರುತ್ತಿದ್ದರು. ನಾನು ಹೆಚ್ಚು ಮಾತಾಡುತ್ತಿರಲಿಲ್ಲ. ಅವರಿಗೂ ಅದು ಬೇಕಿರಲಿಲ್ಲ.

ಶಾಲೆಗೆ ರಜೆ ಬಂದಾಗ ನಾನು ಊರಿಗೆ ಹೋಗಲಿಲ್ಲ. ನಪಾಸಾದ ಮಕ್ಕಳಿಗೆ ಪಾಠ ಹೇಳಬೇಕು ಎಂದು ಮನೆಗೆ ಬರೆದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ರಜೆಯಲ್ಲೇ ಓಬಣ್ಣನ ಮಗಳು ಕೊಟ್ರಮ್ಮನ ಮದುವೆ.

ಓಬಣ್ಣ ನಾಲ್ವರಲ್ಲಿ ಹಿರಿಯ, ಬಹಳ ಜಾಗರೂಕ. ಬೀಡಿ ಸೇದಿ ಎಸೆದ ಮೇಲೂ ಅದನ್ನು ತುಳಿದು, ಮತ್ತೆ ಕೈಯಿಂದ ಮುಟ್ಟಿ ನೋಡುವವನು. ಅವನ ಮನೆ ಊರಿನ ಕೊನೆಯಲ್ಲಿ, ಗುಡ್ಡದ ಒಂದು ಕೊರಕಲು ಇಳಿದು ಬಂದು ನಿಲ್ಲುವ ಕಡೆ ಇತ್ತು. ಬೇಸಿಗೆಯಲ್ಲಿ ಮದುವೆ ಇಟ್ಟುಕೊಂಡವನು ಅಡಿಗೆಯನ್ನೆಲ್ಲ ಬೆಳಗಾಗುವ ಮೊದಲೇ ಮುಗಿಸಬೇಕೆಂದು ನಿಶ್ಚಯಿಸಿದ್ದ. ಹಾಗೇ ಮಾಡಿದ. ಹಿತ್ತಲಲ್ಲಿ ತೋಡಿದ ದೊಡ್ಡ ಒಲೆಗಳ ಮೇಲೆ ಗೋಧಿ ಹುಗ್ಗಿ, ಅನ್ನ, ಸಾರು ಎಲ್ಲ ಆಗಿ, ಹೊತ್ತು ಮೂಡುವ ಮೊದಲು ಒಲೆಗೆ ಮಣ್ಣು ಮುಚ್ಚಲಾಯಿತು. ಉಳಿದ ಮೂವರು ಎಂದಿನಂತೆ ಗುಡ್ಡ ಹತ್ತಿದರು. ಓಬಣ್ಣನಿಗೆ ಅದೊಂದು ದಿನ ಬಿಡುವು. ಅವನ ದಿಕ್ಕನ್ನೂ ನೋಡಿಕೊಳ್ಳುವುದಾಗಿ ಪಾಲಯ್ಯ ಒಪ್ಪಿದ್ದ.

ಗಂಡಿನವರು ಹಡಗಲಿ ಕಡೆಯವರು. ಅವರ ಲಾರಿ ಹಗರಿಬೊಮ್ಮನಹಳ್ಳಿಯ ರೈಲ್ವೆ ಗೇಟಿನ ಹತ್ತಿರ ಕೆಟ್ಟು ನಿಂತು, ರಿಪೇರಿಯಾಗಿ ಬರುವಷ್ಟರಲ್ಲಿ ಹೊತ್ತು ಏರಿತ್ತು. ಬುಟ್ಟಿಗಟ್ಟಲೆ ತಂದಿದ್ದ ಮಲ್ಲಿಗೆ ದಾರಿಯಲ್ಲೇ ಅರಳಿ ಬಾಡತೊಡಗಿತ್ತು. ಧಾರೆ ಅವಸರದಲ್ಲಿ ಮುಗಿಯಿತು. ಊಟಕ್ಕೆ ಕೂತಾಗ ಗಂಡಿನ ಸೋದರಮಾವ ಅನ್ನವನ್ನು ಬೆರಳಿನಿಂದ ಮುಟ್ಟಿ ಕೈ ಹಿಂದೆ ತೆಗೆದ.

"ಆರಿದ ಅನ್ನ ಉಣ್ಣಾಕ ಅಲ್ಲಿಂದ ಬಂದೀವೇನು? ತಿಥಿ ಮನಿಯಾಗೂ ಬಿಸಿ ಹಾಕ್ತಾರ."

ಓಬಣ್ಣ ಕಟ್ಟಳೆ ವಿವರಿಸಿದ. ಅವರ ಕಡೆಯವರು ನಕ್ಕರು. "ಒಲಿ ಹಚ್ಚಾಕ ಗುಡ್ಡದ ಅಪ್ಪಣಿ ಬೇಕಂತ, ಕೇಳ್ರಿ ಇಲ್ಲಿ." ಮಾತು ಬೆಳೆಯುವುದು ಬೇಡವೆಂದು ಊರಿನ ಹಿರಿಯ ಮಲ್ಲಜ್ಜ ನಡುವೆ ಬಂದ. "ಹೆಣ್ಣು ಕೊಟ್ಟಾಗೈತಿ. ಒಂದು ದಿನ ಹಚ್ಚು ಓಬ. ಗುಡ್ಡ ಎಲ್ಲೂ ಓಡಿ ಹೋಗಂಗಿಲ್ಲ."

ಇದೆಲ್ಲ ಆಮೇಲೆ ಕೇಳಿದ್ದು. ನಾನು ಆಗ ಗಂಗಮ್ಮನ ಜೊತೆ ಅವಳ ಮನೆಯ ಪಡಸಾಲೆಯಲ್ಲಿದ್ದೆ. ಅವಳು ಮೇಲಿನ ಮೂವರಿಗೆ ಮದುವೆ ಊಟದ ಬುತ್ತಿ ಕಟ್ಟುತ್ತಿದ್ದಳು. ಓಬಣ್ಣ ಬೆವರುತ್ತಾ ಬಂದ. ಹೊಸ ಪಂಚೆಯ ಮೇಲೆಲ್ಲ ಅರಿಶಿನದ ಕೈಗುರುತು.

"ಗಂಗವ್ವ, ಒಲಿ ಹಚ್ಚಾಕತ್ತೀವಿ. ಬ್ಯಾರೆ ದಾರಿ ಉಳೀಲಿಲ್ಲ. ಮ್ಯಾಲಿನೋರು ಹೊಗಿ ಕಂಡು ಗಾಬರಿಬಿದ್ದು ಇಳಿದು ಬಂದಾರು. ಹೊಗಿ ನಮ್ಮದೇ ಅಂತ ಹೇಳವ್ವ. ಈ ಸುಡೋ ಬಿಸಿಲಾಗ ಸುಮ್ಮನ ಓಡ್ಯಾಡೋದು ಬ್ಯಾಡ."

"ನಿನ್ನ ಮಗಳ ಮದಿವಿ ಹೊಗಿಗೂ ಮೆರವಣಿಗಿ ಮಾಡಸ್ತೀಯೇನಪ ಅಣ್ಣ" ಎಂದು ಗಂಗಮ್ಮ ಬುತ್ತಿ ತಲೆಯ ಮೇಲಿಟ್ಟುಕೊಂಡಳು. "ಹೇಳ್ತೀನಿ ಹೋಗು. ಬೀಗರನ್ನ ನೋಡು ಮೊದಲು."

ಅವಳು ಗುಡ್ಡ ಹತ್ತಿ ಇಳಿದು ಬಂದಾಗ ನಾವಿನ್ನೂ ಉಣ್ಣುತ್ತಿದ್ದೆವು. ಪಂಕ್ತಿಯಲ್ಲಿ ನನ್ನ ಪಕ್ಕ ಕೂತು, ಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಗಂಡ ಹೇಳಿದ್ದನ್ನು ನನಗೆ ಹೇಳಿದಳು. "ಹಂಗಾರ ಇವತ್ತು ಆ ಕಡಿ ನೋಡೋ ಕೆಲಸಿಲ್ಲ ಬಿಡು" ಅಂದನಂತೆ. "ಮೂಗಿಗೆ ಹುಗ್ಗಿ ವಾಸನಿ ಬಂತು ಅಂದ್ರ ನಮ್ಮದೇ."

ಕೊರಕಲಿನಲ್ಲಿ ಬೆಂಕಿ ಹೇಗೆ ಬಿತ್ತು ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಹೊಸ ಚಿಗುರಿಗಾಗಿ ಕುರಿಯವರು ಹಚ್ಚಿದರು ಎಂದರು, ಯಾರದೋ ಬೀಡಿ ಎಂದರು, ಮದುವೆ ಒಲೆಯ ಕಿಡಿ ಎಂದೂ ಅಂದರು. ಬಿದ್ದದ್ದು ಮಾತ್ರ ಓಬಣ್ಣನ ಹಿತ್ತಲಿನ ಬೆನ್ನಿಗೇ, ಮೇಲಿನಿಂದ ನೋಡಿದವರಿಗೆ ಎರಡೂ ಹೊಗೆ ಒಂದೇ ಆಗಿ ಕಾಣುವಂತೆ. ಚಪ್ಪರದ ಕೆಳಗಿದ್ದ ನಮಗೂ ತಿಳಿಯಲಿಲ್ಲ. ಕಣ್ಣುರಿದಾಗ ಹಸಿ ಸೌದೆ ಹಾಕಿದ್ದಾರೆ ಎಂದುಕೊಂಡೆವು. ಚಟಚಟ ಎನ್ನುವ ಸದ್ದು ಕೇಳಿ ಯಾರೋ ಹೊರಗೆ ಹೋಗಿ ನೋಡಿದಾಗ ಕೊರಕಲಿನ ಅರ್ಧ ಉರಿಯುತ್ತಿತ್ತು.

ಕೊರಕಲಿನ ಮೇಲ್ಭಾಗದಲ್ಲಿ ಆಚೆ ತಾಂಡಾದ ಕೆಲವು ಹೆಂಗಸರು ಸೌದೆಗೆಂದು ಬಂದಿದ್ದರು. ಕಾವಲಿನವರಿಗೆ ಅದು ಬೆಂಕಿಯೆಂದು ತಿಳಿದದ್ದು ಅವರ ಕಿರುಚಾಟದಿಂದ. ಮೂವರೂ ನೆತ್ತಿಯಿಂದ ಬಂಡೆ ಬಂಡೆ ಹಾರಿ ಇಳಿದರಂತೆ. ಹೆಂಗಸರನ್ನು ಒಂದು ಬಂಡೆಯ ಸಂದಿಯೊಳಗೆ ನುಗ್ಗಿಸಿ ಆಚೆ ಬದಿಗೆ ದಾಟಿಸಿದರು. ಕೊನೆಯವಳು ದಾಟುವವರೆಗೆ ಟೊಂಗೆ ಹಿಡಿದು ಬೆಂಕಿಗೆ ಎದುರು ನಿಂತರು. ಬೆಂಕಿ ಮೊದಲೇ ಕಂಡಿದ್ದರೆ ಅದು ಅವರಿಗೆ ಕಷ್ಟದ ಕೆಲಸವಾಗುತ್ತಿರಲಿಲ್ಲ. ಅಷ್ಟರಲ್ಲಿ ಗಾಳಿ ತಿರುಗಿತು.

ಮದುವೆ ಮನೆಯ ಗಂಡಸರೆಲ್ಲ ಕೊಡ, ಕೊಪ್ಪರಿಗೆ, ಒದ್ದೆ ಗೋಣಿಚೀಲ ಹಿಡಿದು ಓಡಿದರು. ಬಿಸಿ ಅನ್ನ ಕೇಳಿದ್ದ ಸೋದರಮಾವ ಎಲ್ಲರಿಗಿಂತ ಮುಂದೆ, ಬರಿಗಾಲಲ್ಲಿ ಓಡಿದ. ಹಿಂದಿರುಗಿದಾಗ ಅವನ ಎರಡೂ ಅಂಗೈ ಸುಟ್ಟಿದ್ದವು. ಚಪ್ಪರದ ಕಂಬಕ್ಕೆ ಒರಗಿ ಕೂತವನಿಗೆ ಯಾರೋ ಎಣ್ಣೆ ಹಚ್ಚಲು ಬಂದರೆ ಕೈ ಕೊಡಲಿಲ್ಲ. ಕೊಟ್ರಮ್ಮನನ್ನು ಹೊತ್ತು ಮುಳುಗುವ ಮೊದಲೇ ಲಾರಿ ಹತ್ತಿಸಿದರು. ಯಾರೂ ಅವಳಿಗೆ ಉಡಿ ತುಂಬಲಿಲ್ಲ. ಅವಳು ಬಾಡಿದ ಮಲ್ಲಿಗೆಯ ನಡುವೆ ಗುಡ್ಡದ ಕಡೆ ಮುಖ ಮಾಡಿ ಕೂತಿದ್ದಳು. ಲಾರಿ ತಿರುಗಿದಾಗ ಅವಳೂ ಕೂತಲ್ಲೇ ತಿರುಗಿದಳು.

ಮೂವರನ್ನು ಕಂಬಳಿಗಳಲ್ಲಿ ಹೊತ್ತು ತಂದಾಗ ಸಂಜೆಯಾಗಿತ್ತು. ಕೂಗುಗುಂಡಿನ ಹತ್ತಿರ ಹೊತ್ತವರು ಒಂದು ಗಳಿಗೆ ನಿಂತರು. ಅಭ್ಯಾಸದಿಂದ ನಿಂತರೋ, ಭಾರಕ್ಕೆ ನಿಂತರೋ ಗೊತ್ತಿಲ್ಲ. ಯಾರೂ ಕೂಗಲಿಲ್ಲ. ಓಣಿಯಲ್ಲಿ ಹೆಂಗಸರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ಅಳು ಎಲ್ಲ ಕಡೆಯಿಂದ ಬರುತ್ತಿತ್ತು. ಕೂಗು ಬೀಳದ್ದರಿಂದ ಊರಿನಲ್ಲಿ ಒಂದು ಒಲೆಯೂ ಹತ್ತಲಿಲ್ಲ. ಹಚ್ಚಬೇಡಿ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಹಸಿದು ಅಳುವ ಮಕ್ಕಳಿಗೆ ಮದುವೆಯ ಆರಿದ ಹುಗ್ಗಿಯನ್ನೇ ತಟ್ಟೆಗಳಲ್ಲಿ ಹಂಚಿದರು. ನಾನೂ ಹಂಚಿದೆ. ಮಾಡಲು ನನಗೆ ಬೇರೆ ಯಾವ ಕೆಲಸವೂ ತೋಚಲಿಲ್ಲ.

ಮರುದಿನ ಶವಪರೀಕ್ಷೆಗೆ ಕೂಡ್ಲಿಗಿ ಆಸ್ಪತ್ರೆಗೆ ಒಯ್ದು ತಂದು, ಗುಡ್ಡದ ಬುಡದಲ್ಲೇ ಮೂವರನ್ನೂ ಒಟ್ಟಿಗೆ ಮಣ್ಣು ಮಾಡಿದರು. ಕೊಟ್ಟೂರಿನಿಂದ, ಸುತ್ತಲ ಹಳ್ಳಿಗಳಿಂದ ಜನ ಗಾಡಿ ಕಟ್ಟಿಕೊಂಡು ಬಂದರು. ಜೀಪಿನಲ್ಲಿ ಸಾಹೇಬರೊಬ್ಬರು ಬಂದು ಹಾರ ಹಾಕಿ ಒಳ್ಳೆಯ ಮಾತಾಡಿದರು. ಅವರ ಧ್ವನಿ ನಿಜವಾಗಿಯೂ ನಡುಗುತ್ತಿತ್ತು. ಬದುಕಿ ಉಳಿದ ತಾಂಡಾದ ಹೆಂಗಸರು ಎಲ್ಲರೂ ಹೋದ ಮೇಲೆ ಬಂದರು. ಏನು ತರಬೇಕೆಂದು ಅವರಿಗೂ ತಿಳಿದಿರಲಿಲ್ಲ. ತಲೆಯ ಮೇಲೆ ಸೌದೆ ಹೊರೆ ಹೊತ್ತು ಬಂದು, ಮೂವರ ಮನೆಯ ಅಂಗಳದಲ್ಲೂ ಇಳಿಸಿ, ಸೆರಗು ಬಾಯಿಗಿಟ್ಟುಕೊಂಡು ಕೂತು, ಎದ್ದು ಹೋದರು. ಗಂಗಮ್ಮನ ಅಂಗಳದಲ್ಲಿ ಅದು ಆಳೆತ್ತರದ ರಾಶಿಯಾಯಿತು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರು ದಿನಕ್ಕೊಬ್ಬರಂತೆ ಊಟ ತಂದರು. ಆದರೆ ಗುಡ್ಡಕ್ಕೆ ಕಾವಲು ಬೇಕೇ ಬೇಕಿತ್ತು. ಮಲ್ಲಜ್ಜ ಕೋಲೂರಿಕೊಂಡು ಓಬಣ್ಣನ ಮನೆಗೆ ಹೋಗಿ "ನೀನೇ ಹತ್ತಬೇಕು" ಎಂದ. ಹಚ್ಚು ಎಂದವನೂ ತಾನೇ ಎಂಬುದನ್ನು ಅವನೂ ಮರೆತಿರಲಿಲ್ಲ, ಕೇಳಿದವರೂ ಮರೆತಿರಲಿಲ್ಲ. ಓಬಣ್ಣ ಹೊಸಬರನ್ನು ಕರೆದುಕೊಂಡು ಹತ್ತಿದ. ಆ ಸಂಜೆ ಕೂಗುಗುಂಡಿನಿಂದ ಒಂದೇ ಕೂಗು ಬಂತು. ಜೊತೆಗೆ ಹೋದವರಿಗೆ ಕೂಗುವ ಧೈರ್ಯ ಬರಲಿಲ್ಲವಂತೆ. ಅವನ ಮನೆಯ ಹೊಗೆ ಎದ್ದಿತು. ಆಮೇಲೆ ಒಂದೊಂದಾಗಿ, ಕದ್ದು ಹಚ್ಚುವವರ ಹಾಗೆ, ಊರಿನ ಒಲೆಗಳು ಹತ್ತಿದವು.

ದಿನಕರ್ಮ ಮುಗಿದ ಮೇಲೆ ದುರುಗಪ್ಪನ ಮನೆಯಲ್ಲಿ, ಬೊಮ್ಮಯ್ಯನ ಮನೆಯಲ್ಲಿ ಒಲೆ ಹತ್ತಿತು. ಗಂಗಮ್ಮ ಹಚ್ಚಲಿಲ್ಲ. ಆ ದಿನ ಅವಳು ನನ್ನ ಕೋಣೆಗೆ ಬಂದು, "ಅಕ್ಕೋರ, ನಿಮ್ಮ ಸ್ಟೋ ಒಂದೀಟು ಕೊಡ್ರಿ, ಅತ್ತಿಗೆ ಗಂಜಿ ಕಾಸ್ಬೇಕು" ಎಂದಳು. ಕೊಟ್ಟೆ. ಮರುದಿನವೂ ಕೊಟ್ಟೆ. ಕಡೆಗೆ ಅದು ಅವಳ ಅಡಿಗೆಮನೆಯಲ್ಲೇ ಉಳಿಯಿತು. ನಾನೂ ಅಲ್ಲೇ ಉಣ್ಣತೊಡಗಿದೆ. ಬತ್ತಿಯ ಉರಿಯಲ್ಲಿ ರೊಟ್ಟಿ ಉಬ್ಬುತ್ತಿರಲಿಲ್ಲ, ಸೀಮೆಎಣ್ಣೆಯ ನಾತ ಬೇರೆ. ಈರಜ್ಜಿ ಬಾಯಿಗಿಟ್ಟು ಹೊರಳಿಸಿ ನುಂಗುತ್ತಿದ್ದಳು. ಸಂಜೆ ಓಬಣ್ಣನ ಕೂಗು ಬಿದ್ದಾಗ ಮೂಲೆಯಿಂದ ಕೇಳುವಳು.

"ಓಬ ಇಳಿದ ನೋಡು. ಒಲಿ ಹಚ್ಚಿದ್ಯೇನೇ?"

ಗಂಗಮ್ಮ ಪಾತ್ರೆ ಸದ್ದು ಮಾಡುವಳು. ಮುದುಕಿ ಗಾಳಿಯಲ್ಲಿ ಮೂಗು ಆಡಿಸಿ, ಕಾಲು ಮಡಚಿಕೊಂಡೇ ಮಲಗುವಳು.

ಬಿಸಿಲೇರುವ ಮೊದಲೇ ಪಾಠ ಮುಗಿಸಲೆಂದು ಒಂದು ದಿನ ನಸುಕಿನಲ್ಲೇ ನಾನು ಶಾಲೆಯ ಕಟ್ಟೆಯ ಮೇಲೆ ಮಕ್ಕಳಿಗಾಗಿ ಕಾಯುತ್ತಿದ್ದಾಗ, ಗುಡ್ಡಕ್ಕೆ ಹೊರಟಿದ್ದ ಓಬಣ್ಣ ದಾರಿ ಬಿಟ್ಟು ನನ್ನ ಕಡೆ ಬಂದ. ಹತ್ತಿರ ಬರಲಿಲ್ಲ. ಬೇವಿನ ಮರದ ಆಚೆಗೇ ನಿಂತ.

"ಅಕ್ಕೋರ, ನಿಮ್ಮನ್ನ ಒಂದು ಮಾತು ಕೇಳ್ಲ್ಯಾ? ಸಂಜಿ ಕೂಗಿದ ಮ್ಯಾಲ ನಾನು ಗುಂಡಿನ ಮ್ಯಾಲ ನಿಂತಿರ್ತೀನಿ. ಊರೆಲ್ಲ ಹೊಗಿ ಏಳ್ತೈತಿ. ಪಾಲನ ಮಾಳಿಗಿ ಒಂದು ಖಾಲಿ. ಕತ್ತಲಾಗೋತನ ನೋಡ್ತೀನಿ ನಾನು." ಅವನು ಟವೆಲಿನಿಂದ ಕತ್ತು ಒರೆಸಿಕೊಂಡ. "ಆಕಿ ಬೈಲಿ, ಮಣ್ಣು ತೂರ್ಲಿ. ನನ್ನ ಮನಿ ಬಾಗಲಾಗ ಬಂದು ಎದಿ ಬಡಕೊಳ್ಳಲಿ. ಹಿಂಗ ಸುಮ್ಮನ ಇದ್ರ ನಾನೇನು ಮಾಡ್ಲಿ ಹೇಳ್ರಿ. ನಿಮ್ಮ ಸ್ಟೋ ಇಲ್ದಿದ್ರ ಹಚ್ಚತಿದ್ಲೇನೋ."

ಅದು ಆಪಾದನೆಯಲ್ಲ. ಆದರೂ ಅವತ್ತು ಇಡೀ ದಿನ ನಾನು ಆ ಸ್ಟೋವಿನ ಬಗ್ಗೆಯೇ ಯೋಚಿಸಿದೆ. ಸೀಮೆಎಣ್ಣೆ ತೀರಿತು ಎನ್ನಬಹುದಿತ್ತು. ಊರಿಗೆ ಹೋಗುತ್ತೇನೆಂದು ಅದನ್ನು ಕಟ್ಟಿಕೊಂಡು ಹೊರಡಬಹುದಿತ್ತು. ಹಾಗೆ ಮಾಡಿದರೆ ಅವಳು ಒಲೆ ಹಚ್ಚುತ್ತಾಳೋ, ಇಲ್ಲ ಮುದುಕಿಯನ್ನು ಉಪವಾಸ ಕೆಡವುತ್ತಾಳೋ ನನಗೆ ತಿಳಿಯಲಿಲ್ಲ. ಒಬ್ಬರ ದುಃಖದಲ್ಲಿ ಕೈ ಹಾಕುವುದು ನನಗೆ ಮೊದಲಿನಿಂದಲೂ ಬಾರದ ಕೆಲಸ. ಸಂಜೆ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಇಷ್ಟು ಮಾತ್ರ ಕೇಳಿದೆ:

"ಓಬಣ್ಣನ ಮೇಲೆ ಸಿಟ್ಟೇನು?"

ಗಂಗಮ್ಮ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ಆತನ ಮ್ಯಾಲ ಏನು ಸಿಟ್ಟ್ರಿ. ಮಗಳ ಮದಿವಿ ಮಾಡ್ದ. ಗೆಳ್ಯಾರು ಬಿಸಿಲಾಗ ಓಡಬಾರ್ದು ಅಂದ." ಒಂದು ಉಂಡೆ ಮುರಿದು ಅಂಗೈಯಲ್ಲಿ ತಿರುಗಿಸಿದಳು. "ಹೇಳಿ ಬಂದಾಕಿ ನಾನು. ನನ್ನ ಬಾಯಿಲೆ ಹೇಳೀನಿ, ಹೊಗಿ ನಮ್ಮದೇ ಅಂತ. ನಗಚಾಟಿಕಿ ಮಾಡ್ಕೋತ ಹೇಳೀನಿ. ನಾನು ಬೇಕಂದ್ರ ಬುತ್ತಿ ಕೊಟ್ಟು ಸುಮ್ಮನ ಇಳಿದು ಬರಬಹುದಾಗಿತ್ತು. ಅವರು ಹೊಗಿ ಕಂಡು ಓಡಿ ಬರ್ತಿದ್ರು, ಬಂದು ಬೈತಿದ್ರು, ಬೈದು ಉಳೀತಿದ್ರು." ರೊಟ್ಟಿ ತಟ್ಟತೊಡಗಿದಳು. "ಇನ್ನ ಈ ಮನಿಯಿಂದ ಗುಡ್ಡಕ್ಕ ಯಾವ ಮಾರಿ ಇಟಗೊಂಡು ಹೊಗಿ ಕಳಸ್ಲಿ ಅಕ್ಕೋರ?"

ಓದಿದವಳು ನಾನು. ತಪ್ಪು ನಿನ್ನದಲ್ಲ ಎಂದೆ. ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವ ಇನ್ನೆರಡು ಮಾತನ್ನೂ ಹೇಳಿದೆ. ಅವಳು "ಹೂಂ ರಿ" ಎಂದು ರೊಟ್ಟಿ ತಿರುವಿದಳು.

ಮಾರನೆಯ ದಿನ ಬೇವಿನ ಮರದ ಹತ್ತಿರ ನಾನೇ ಓಬಣ್ಣನಿಗಾಗಿ ನಿಂತೆ. ಅವಳಿಗೆ ನಿನ್ನ ಮೇಲೆ ಸಿಟ್ಟಿಲ್ಲ ಎಂದೆ. ಅದಕ್ಕಿಂತ ಹೆಚ್ಚು ಹೇಳುವುದು ಸರಿಯೆನಿಸಲಿಲ್ಲ. ಆದರೆ ಅವನಿಗೆ ಅಷ್ಟರಿಂದಲೇ ಎಲ್ಲವೂ ತಿಳಿದುಹೋಯಿತು ಎಂದು ಕಾಣುತ್ತದೆ.

"ಸಿಟ್ಟಾಗಿದ್ರ ಚಲೋ ಇತ್ತು ಬಿಡ್ರಿ" ಎಂದು ಗುಡ್ಡದ ದಾರಿ ಹಿಡಿದ.

ಆ ವರ್ಷ ಮಳೆ ತಡವಾಯಿತು. ದಿನವೂ ಮೋಡ ಬಂದು, ಗುಡ್ಡದ ಕಪ್ಪು ಮಗ್ಗುಲಿನ ಮೇಲೆ ನೆರಳು ಹಾಸಿ, ಮೂಡಣದ ಕಡೆ ಸರಿದುಹೋಗುತ್ತಿತ್ತು. ಸಂಜೆ ಸಂಜೆಯೂ ಆ ಒಂದು ಕೂಗು. ಹೊಸಬರೂ ಮೆಲ್ಲಗೆ ಕೂಗಲು ಕಲಿತರು, ಆದರೆ ಅವರ ಧ್ವನಿ ಯಾವ ಮನೆಯದೆಂದು ಊರಿಗೆ ಇನ್ನೂ ಗುರುತಾಗುತ್ತಿರಲಿಲ್ಲ. ಗಂಗಮ್ಮ ಕೂಲಿಗೆ ಹೋಗಿ ಬರುತ್ತಿದ್ದಳು, ನೀರು ಸೇದುತ್ತಿದ್ದಳು, ಕೆಲವೊಮ್ಮೆ ನಗುತ್ತಲೂ ಇದ್ದಳು. ಅಂಗಳದ ಸೌದೆ ರಾಶಿಯಲ್ಲಿ ಒಂದು ಕಡ್ಡಿಯೂ ಕದಲಿರಲಿಲ್ಲ. ಅದರ ಸಂದಿಯಲ್ಲಿ ಕೋಳಿಯೊಂದು ಮೊಟ್ಟೆ ಇಡತೊಡಗಿತ್ತು.

ಮೊದಲ ಮಳೆ ಬಿದ್ದರೆ ಕಾವಲು ಮುಗಿಯುತ್ತದೆ, ಒಲೆಯ ಕಟ್ಟಳೆಯೂ ಮುಗಿಯುತ್ತದೆ. ಮತ್ತೆ ಶಿವರಾತ್ರಿಯವರೆಗೆ ಯಾರೂ ಕೂಗುವುದಿಲ್ಲ. ಮಳೆ ಬೀಳುವಷ್ಟರೊಳಗೆ ಒಂದು ದಿನ ಆ ಮಾಳಿಗೆಯಿಂದ ಉತ್ತರ ಬರಬೇಕು ಎಂದು ಓಬಣ್ಣ ಕಾಯುತ್ತಿದ್ದಾನೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಗಂಗಮ್ಮನಿಗೂ ಗೊತ್ತಿತ್ತು.

ಮಳೆ ಬಿದ್ದದ್ದು ಒಂದು ಮಧ್ಯಾಹ್ನ. ಗಾಳಿಯೆದ್ದು ಮಬ್ಬು ಕವಿದು, ಊರಿನ ಮೇಲೆ ನೇರವಾಗಿ ಸುರಿಯಿತು. ಸುಟ್ಟ ಗುಡ್ಡದಿಂದ ಕಪ್ಪು ನೀರು ಕೊರಕಲು ತುಂಬಿ ಇಳಿದು ಓಬಣ್ಣನ ಹಿತ್ತಲಿಗೆ, ಅಲ್ಲಿಂದ ಓಣಿಗೆ ಬಂತು. ಮಳೆ ಕಡಿಮೆಯಾಗುತ್ತಿದ್ದಂತೆ ಹಾಡಹಗಲಲ್ಲೇ ಮನೆಮನೆಯ ಒಲೆಗಳು ಹತ್ತಿದವು. ಬೇಸಿಗೆಯುದ್ದಕ್ಕೂ ಕಾದ ಹೆಂಗಸರು ಕಾರಣವಿಲ್ಲದೆಯೂ ಹಚ್ಚಿ ಚಹಾಕ್ಕೆ ನೀರಿಟ್ಟರು. ಒದ್ದೆ ಗಾಳಿಗೆ ಹೊಗೆ ಮೇಲೇರದೆ ಓಣಿಯಲ್ಲೇ ತುಂಬಿಕೊಂಡಿತು. ಯಾವ ಮನೆಯದು ಯಾವುದೆಂದು ಹೇಳುವಂತಿರಲಿಲ್ಲ.

ಆ ಹೊಗೆಯಲ್ಲಿ ಓಬಣ್ಣ ಬಂದ. ಗುಡ್ಡದಿಂದ ಇಳಿದು ಮೊದಲು ತನ್ನ ಮನೆಗೆ ಹೋಗಿ ಬಂದಿದ್ದ. ಮೈಯೆಲ್ಲ ಒದ್ದೆ. ಎರಡೂ ಕೈಯಿಂದ ಹಿಡಿದ ಒಂದು ಒಡೆದ ಮಡಕೆಯ ಹೋಳು, ಅದರಲ್ಲಿ ಬೂದಿಯ ಮೇಲೆ ಕೆಂಡ. ಆ ಊರಿನಲ್ಲಿ ಒಲೆ ಆರಿದವರು ಪಕ್ಕದ ಮನೆಯಿಂದ ಕೆಂಡ ತರುವುದು ದಿನದ ಮಾತು. ಕೇಳದವರ ಮನೆಗೆ ಕೆಂಡ ಒಯ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಾಗಿ, ಎದೆಯಿಂದ ಮರೆ ಮಾಡಿಕೊಂಡು ನಡೆದಿದ್ದ. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಗಂಗಮ್ಮ ಅಡಿಗೆಮನೆಯ ಬಾಗಿಲಲ್ಲಿ ಕೂತಿದ್ದಳು. ಅವನು ಮಡಕೆ ಹೋಳನ್ನು ಅವಳ ಮುಂದೆ ಹೊಸ್ತಿಲ ಒಳಗೆ ಇಟ್ಟು, ಹಿಂದೆ ಸರಿದು ಅಂಗಳದ ಸೌದೆ ರಾಶಿಯ ಪಕ್ಕ ನಿಂತ. ಅವಳು ಕೆಂಡವನ್ನು ನೋಡಿದಳು. ಅದನ್ನು ದೂಡಲಿಲ್ಲ. ಒಲೆಗೆ ಹಾಕಲಿಲ್ಲ. ಅದರ ಮೇಲೆ ಎಲ್ಲಿಂದಲೋ ಅಂಟಿ ಬಂದ ಒಂದು ಹಸಿ ಎಲೆ ಸುಡುತ್ತಿತ್ತು. ಅದರಿಂದ ಸಣ್ಣ ಎಳೆಯಂಥ ಹೊಗೆ ಎದ್ದು, ತೊಲೆಗಳ ನಡುವೆ ದಾರಿ ಹುಡುಕಿ, ಬೆಳಕಿಂಡಿಯ ಕಡೆ ಹೋಯಿತು.

ಮೂಲೆಯಲ್ಲಿ ಈರಜ್ಜಿ ತಲೆ ಎತ್ತಿದಳು.

"ಯಾರ ಮನಿ ಹೊಗಿನೇ ಅದು?"

ಓಬಣ್ಣ ಅಂಗಳದಿಂದ ಗಂಗಮ್ಮನನ್ನು ನೋಡಿದ. ನಾನು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಉತ್ತರ ನನಗೂ ಗೊತ್ತಿತ್ತು, ಓಬಣ್ಣನಿಗೂ ಗೊತ್ತಿತ್ತು. ಆದರೆ ಹೇಳುವ ಹಕ್ಕು ಅವಳೊಬ್ಬಳದು. ಅವಳ ತುಟಿ ಎರಡು ಸಲ ಆಡಿತು.

"ಹೇಳೇ. ಯಾರದು?"

"ನಮ್ಮದೇ ಅತ್ತಿ" ಎಂದಳು ಗಂಗಮ್ಮ.

ಮುದುಕಿ ಕಾಲು ಚಾಚಿದಳು. ಓಬಣ್ಣ ಒದ್ದೆ ಅಂಗಳದಲ್ಲೇ ಕುಕ್ಕರಿಸಿ ಟವೆಲನ್ನು ಬಾಯಿಗೆ ತುರುಕಿಕೊಂಡ. ಗಂಗಮ್ಮ ಇದ್ದಲ್ಲಿಂದ ಕದಲಲಿಲ್ಲ. ಸೌದೆ ಅಷ್ಟು ಹತ್ತಿರವಿತ್ತು. ಎದ್ದು ಒಂದು ಕಡ್ಡಿ ತಂದು ಕೆಂಡಕ್ಕೆ ಇಡಲು ನಮ್ಮ ಮೂವರಲ್ಲಿ ಯಾರಿಂದಲೂ ಆಗಲಿಲ್ಲ. ಎಲೆ ಸುಟ್ಟು ಮುಗಿಯಿತು. ಕೆಂಡದ ಅಂಚು ಬೆಳ್ಳಗಾಗಿ, ಬಿಳುಪು ನಡುವಿಗೆ ಸರಿಯುತ್ತಾ ಬಂದು, ಕೊನೆಯ ಕೆಂಪೂ ಹೋಗುವವರೆಗೆ ನಾವು ಅದನ್ನೇ ನೋಡುತ್ತಿದ್ದೆವು.